‘ಲಾರ್ಬೋರ್ಡ್’ ಎಂಬ ಹಡಗಿನ ಮಾತು

ನಮ್ಮ ಶಾಲೆಯಲ್ಲಿ ಓದಿ ಈಗ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸಮಾಡುತ್ತಿರುವ ಹುಡುಗಿಯೊಬ್ಬಳು ಕಳೆದ ಮಳೆಗಾಲದಲ್ಲಿ ನನಗೊಂದು ಕಾಗದ ಬರೆದಳು. ಮಿಲ್ಟನ್ ಕವಿಯು ೧೬೬೭ರಲ್ಲಿ ಪ್ರಕಟಿಸಿದ ‘ಪ್ಯಾರಡೈಸ್ ಲಾಸ್ಟ್’ ಎಂಬ ಕಾವ್ಯದ ಎರಡನೆಯ ಭಾಗದಲ್ಲಿ, ಸೈತಾನನು ಅಂಧಕಾರದ ಶೂನ್ಯವನ್ನು ದಾಟಿಬರುವುದನ್ನು ಯುಲಿಸೀಸನ ಸಮುದ್ರಪ್ರಯಾಣಕ್ಕೆ ಹೋಲಿಸಿದ ಕಡೆಯಲ್ಲಿ, ‘ಲಾರ್ಬೋರ್ಡ್’ ಎಂಬ ಶಬ್ದ ಬರುತ್ತದೆ. ಅವಳು ಕೊಂಡುಕೊಂಡ ಟಿಪ್ಪಣಿ ಪುಸ್ತಕದಲ್ಲಿ ಅದಕ್ಕೆ ‘ಎಡಗಡೆ’ ಎಂದು ಒಂದೇ ಮಾತಿನ ಅರ್ಥ ಕೊಟ್ಟು ಮುಗಿಸಿದ್ದರಂತೆ. “ಅಮ್ಮನವರೇ, ಎಡಕ್ಕೆ ‘ಲೆಫ್ಟ್’ ಎಂಬ ಸುಲಭವಾದ ಮಾತಿರುವಾಗ ಕವಿಯು ಇದನ್ನೇಕೆ ಹಿಡಿದನು? ಈಗಿನ ಪುಸ್ತಕಗಳಲ್ಲಿ ಈ ಮಾತು ಏಕೆ ಕಾಣುವುದಿಲ್ಲ? ಎಡಗಡೆ ಎಂದು ತಿಳಿದುಕೊಂಡರೂ ಆ ಸಾಲು ನನಗೆ ಸರಿಯಾಗಿ ಕೂಡಿಬರಲಿಲ್ಲ” ಎಂದು ಕೇಳಿದ್ದಳು. ಆಗ ಪರೀಕ್ಷೆಯ ಕೆಲಸದ ನಡುವೆ ನಾಲ್ಕು ಸಾಲು ಬರೆದು ಹಾಕಿದೆನು. ಅನಂತರ ನನಗೇ ಸಮಾಧಾನವಾಗಲಿಲ್ಲ. ಮೂರು ಪ್ರಶ್ನೆಗಳನ್ನು ಇಷ್ಟು ಚೆನ್ನಾಗಿ ಕೇಳಿದವಳಿಗೆ ನಾಲ್ಕು ಸಾಲು ಸಾಲದು. ಆಗ ಬರೆಯದೆ ಉಳಿಸಿದ್ದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಉಳಿದ ಹುಡುಗಿಯರೂ ಓದಬಹುದು.

ಮೊದಲನೆಯ ಪ್ರಶ್ನೆಯನ್ನು ನೋಡೋಣ. ಹಡಗಿನವರಿಗೆ ಎಡ ಬಲಗಳಿಗೆ ಬೇರೆ ಹೆಸರು ಏಕೆ ಬೇಕು? ಕವಾಯತಿನ ಸಮಯದಲ್ಲಿ ನಾನು ನಿಮ್ಮ ಎದುರಿಗೆ ನಿಂತು ಬಲಗೈಯನ್ನು ಎತ್ತಿದರೆ ಚಿಕ್ಕ ತರಗತಿಯ ಮಕ್ಕಳಲ್ಲಿ ಅರ್ಧ ಜನ ಎಡಗೈಯನ್ನು ಎತ್ತುವುದನ್ನು ನೀವೆಲ್ಲರೂ ಕಂಡಿದ್ದೀರಿ. ನನ್ನ ಬಲ ನಿಮ್ಮ ಕಣ್ಣಿಗೆ ಎಡ. ಹಡಗಿನ ಮೇಲೆ ಒಬ್ಬನು ಮುಂದಕ್ಕೆ ಮುಖಮಾಡಿ ನಿಂತಿರುವನು, ಇನ್ನೊಬ್ಬನು ಹಿಂದಕ್ಕೆ ತಿರುಗಿ ಹಗ್ಗ ಎಳೆಯುತ್ತಿರುವನು, ಮತ್ತೊಬ್ಬನು ಕೂವೆಮರದ ಮೇಲೆ ಹಾಯಿಯನ್ನು ಸುತ್ತುತ್ತಿರುವನು. “ಎಡಕ್ಕೆ” ಎಂದು ಕೂಗಿದರೆ ಯಾರ ಎಡ? ಆದಕಾರಣ ಮನುಷ್ಯನ ಎಡಬಲಗಳನ್ನು ಬಿಟ್ಟು, ಹಡಗಿನ ಮೂತಿಯ ಕಡೆಗೆ ಮುಖಮಾಡಿದವನ ಎಡಕ್ಕೆ ಒಂದು, ಬಲಕ್ಕೆ ಒಂದು ಸ್ಥಿರವಾದ ಹೆಸರಿಟ್ಟರು. ನೀನು ಯಾವ ಕಡೆಗೆ ತಿರುಗಿದರೂ ಆ ಹೆಸರು ತಿರುಗುವುದಿಲ್ಲ. ನಮ್ಮಲ್ಲಿಯೂ ಇಂಥದೇ ಒಂದು ಉಪಾಯವುಂಟು. ತುಂಗಭದ್ರೆಯ ಎಡದಂಡೆ ಕಾಲುವೆ, ಬಲದಂಡೆ ಕಾಲುವೆ ಎನ್ನುತ್ತೇವೆ. ನದಿಯು ಹರಿಯುವ ದಿಕ್ಕಿಗೆ ಮುಖಮಾಡಿದಾಗ ಯಾವುದು ಎಡವೋ ಅದೇ ಎಡದಂಡೆ. ಆ ದಂಡೆಯ ಮೇಲೆ ಯಾರು ಹೇಗೆ ನಿಂತರೂ ಅದು ಬದಲಾಗದು.

ಹಡಗಿನ ಎಡಬದಿಗೆ ‘ಲಾರ್ಬೋರ್ಡ್’, ಬಲಬದಿಗೆ ‘ಸ್ಟಾರ್ಬೋರ್ಡ್’ ಎಂಬುದು ಹಳೆಯ ಇಂಗ್ಲಿಷ್ ನಾವಿಕರ ಜೋಡಿಮಾತು. ಇವುಗಳಲ್ಲಿ ಬಲದ ಹೆಸರು ಇಂದಿಗೂ ಬಾಳುತ್ತಿದೆ, ಎಡದ ಹೆಸರು ಸತ್ತುಹೋಯಿತು. ಸತ್ತದ್ದರ ಕಥೆ ತಿಳಿಯಬೇಕಾದರೆ ಬದುಕಿರುವುದರಿಂದಲೇ ಮೊದಲುಮಾಡಬೇಕು.

‘ಸ್ಟಾರ್’ ಎಂದರೆ ನಕ್ಷತ್ರವಲ್ಲವೇ, ರಾತ್ರಿ ನಕ್ಷತ್ರ ನೋಡಿ ಹಡಗು ನಡಿಸುವವನು ನಿಲ್ಲುವ ಹಲಗೆಯೇ ಸ್ಟಾರ್ಬೋರ್ಡ್ ಇರಬೇಕು ಎಂದು ತರಗತಿಯಲ್ಲಿ ಯಾರಾದರೂ ಹೇಳದೆ ಇರುವುದಿಲ್ಲ. ಊಹೆ ಅಂದವಾಗಿದೆ, ಆದರೆ ಸುಳ್ಳು. ಹಳೆಯ ಇಂಗ್ಲಿಷಿನಲ್ಲಿ ಈ ಮಾತು ‘ಸ್ಟೇಒರ್‌ಬೋರ್ಡ್’ ಎಂದಿತ್ತು. ‘ಸ್ಟೇಒರ್’ ಎಂದರೆ ಹಡಗನ್ನು ತಿರುಗಿಸುವ ಸಾಧನ, ಚುಕ್ಕಾಣಿ. ‘ಸ್ಟಿಯರ್’ ಎಂಬ ಈಗಿನ ಕ್ರಿಯಾಪದ ಅದರ ಸಂಬಂಧಿ. ‘ಬೋರ್ಡ್’ ಎಂದರೆ ಹಲಗೆ, ಮತ್ತು ಹಲಗೆಗಳಿಂದಾದ ಹಡಗಿನ ಬದಿ. ನೀವು ದಿನವೂ ಒರಸುವ ಕರೀಬೋರ್ಡಿನ ಬೋರ್ಡೂ ಅದೇ ಮಾತು. ಹೀಗೆ ಸ್ಟಾರ್ಬೋರ್ಡ್ ಎಂದರೆ ‘ಚುಕ್ಕಾಣಿಯ ಬದಿ’ ಎಂದರ್ಥ. ಶತಮಾನಗಳು ಕಳೆದಂತೆ ಉಚ್ಚಾರ ಸವೆದು, ನಕ್ಷತ್ರದ ‘ಸ್ಟಾರ್’ ಮತ್ತು ಚುಕ್ಕಾಣಿಯ ‘ಸ್ಟಾರ್’ ಎರಡೂ ಒಂದೇ ರೂಪಕ್ಕೆ ಬಂದು ನಿಂತವು, ಅಷ್ಟೇ.

ಚುಕ್ಕಾಣಿ ಬಲಬದಿಯಲ್ಲಿ ಏಕೆ? ಈಗಿನ ಹಡಗುಗಳಲ್ಲಿ ಚುಕ್ಕಾಣಿಯು ಹಿಂಭಾಗದ ನಡುವೆ ನೀರಿನೊಳಗೆ ಇರುತ್ತದೆ. ಉತ್ತರ ಯೂರೋಪಿನ ಪೂರ್ವಿಕರ ಹಡಗುಗಳಲ್ಲಿ ಹಾಗಿರಲಿಲ್ಲ. ಅಗಲವಾದ ಅಲಗುಳ್ಳ ದೊಡ್ಡದೊಂದು ಹುಟ್ಟನ್ನು ಹಿಂಭಾಗದ ಬಲಬದಿಗೆ ಕಟ್ಟುತ್ತಿದ್ದರು. ಹೆಚ್ಚು ಜನ ಬಲಗೈಯವರಾದುದರಿಂದ ಹುಟ್ಟು ಆ ಬದಿಗೆ ಸೇರಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ಪುಸ್ತಕದ ಮಾತು ಮಾತ್ರವಲ್ಲ. ನಾರ್ವೆ ದೇಶದಲ್ಲಿ ಗೋಕ್‌ಸ್ಟಾಡ್ ಎಂಬಲ್ಲಿ ೧೮೮೦ರಲ್ಲಿಯೂ ಓಸೆಬೆರ್ಗ್ ಎಂಬಲ್ಲಿ ೧೯೦೪–೦೫ರಲ್ಲಿಯೂ ಮಣ್ಣಿನ ದಿಬ್ಬಗಳನ್ನು ಅಗೆದಾಗ, ಸತ್ತವರೊಂದಿಗೆ ಹೂಳಿದ್ದ ಇಡೀ ಹಡಗುಗಳೇ ದೊರೆತವು. ಎರಡೂ ಒಂಬತ್ತನೆಯ ಶತಮಾನದವು. ಎರಡರಲ್ಲಿಯೂ ಚುಕ್ಕಾಣಿಯ ಹುಟ್ಟಿನ ಸ್ಥಾನ ಬಲಬದಿಯೇ. ನಿಘಂಟು ಹೇಳಿದುದಕ್ಕೆ ಮಣ್ಣೇ ಸಾಕ್ಷಿ ಕೊಟ್ಟಂತಾಯಿತು.

ಆದರೆ ಎಲ್ಲ ಸಮುದ್ರಗಳಲ್ಲಿಯೂ ಹೀಗೆಯೇ ಇತ್ತೆಂದು ತಿಳಿಯಬಾರದು. ಮೆಡಿಟರೇನಿಯನ್ ಸಮುದ್ರದ ಹಡಗುಗಳಿಗೆ ಎರಡು ಬದಿಗಳಲ್ಲಿಯೂ ಒಂದೊಂದು ಹುಟ್ಟು ಇರುತ್ತಿತ್ತು. ಅಪೊಸ್ತಲರ ಕೃತ್ಯಗಳು ೨೭ನೆಯ ಅಧ್ಯಾಯದಲ್ಲಿ ಪೌಲನಿದ್ದ ಹಡಗು ಒಡೆಯುವ ವೃತ್ತಾಂತವನ್ನು ನೀವು ಓದಿದ್ದೀರಿ. ೪೦ನೆಯ ವಚನದ ಗ್ರೀಕ್ ಮೂಲದಲ್ಲಿ ‘ಚುಕ್ಕಾಣಿ’ ಎಂಬುದು ಬಹುವಚನದಲ್ಲಿದೆ. ಒಂದೇ ಹಡಗಿಗೆ ಚುಕ್ಕಾಣಿಗಳು ಎಂದು ಬರೆದದ್ದು ಕೈತಪ್ಪಲ್ಲ; ಬರೆದವನು ಹಡಗನ್ನು ಕಣ್ಣಾರೆ ಕಂಡವನು.

ಇನ್ನು ಎಡಬದಿ. ಬಲಬದಿಯ ಹುಟ್ಟನ್ನು ಹಿಡಿದು ನಿಂತ ಚುಕ್ಕಾಣಿಗನ ಬೆನ್ನು ಸಹಜವಾಗಿ ಎಡಬದಿಗೆ ತಿರುಗಿರುತ್ತದೆ. ಆದಕಾರಣ ಹಳೆಯ ಇಂಗ್ಲಿಷಿನವರು ಎಡಕ್ಕೆ ‘ಬ್ಯಾಕ್‌ಬೋರ್ಡ್’, ಎಂದರೆ ‘ಬೆನ್ನಿನ ಬದಿ’, ಎಂದು ಹೆಸರಿಟ್ಟಿದ್ದರು. ಈ ಜೋಡಿಮಾತು ಎಂಥ ಸಂದರ್ಭದಲ್ಲಿ ಬರೆದಿಡಲ್ಪಟ್ಟಿದೆ ನೋಡಿರಿ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಟ್ಟರ್ ಎಂಬ ನಾರ್ವೆಯ ಪ್ರಯಾಣಿಕನು ಇಂಗ್ಲೆಂಡಿಗೆ ಬಂದು, ಆಲ್ಫ್ರೆಡ್ ಅರಸನ ಮುಂದೆ ತನ್ನ ಪ್ರಯಾಣವನ್ನು ವರ್ಣಿಸಿದನು. ತನ್ನ ದೇಶವು ಉತ್ತರಕ್ಕೆ ಎಲ್ಲಿಯವರೆಗೆ ಹಬ್ಬಿದೆ, ಅದರಾಚೆ ಯಾರಾದರೂ ವಾಸಿಸುವರೇ ಎಂಬುದನ್ನು ತಿಳಿಯಲು ಅವನು ಹೊರಟಿದ್ದನಂತೆ. ಮೂರು ದಿನ ನಿರ್ಜನವಾದ ನೆಲವು ತನ್ನ ಸ್ಟೇಒರ್‌ಬೋರ್ಡಿನ ಕಡೆಗೂ ತೆರೆದ ಸಮುದ್ರವು ಬ್ಯಾಕ್‌ಬೋರ್ಡಿನ ಕಡೆಗೂ ಇತ್ತೆಂದು ಹೇಳಿದನು. ಓರೋಸಿಯಸನ ಚರಿತ್ರೆಯನ್ನು ಆ ಕಾಲದಲ್ಲಿ ಇಂಗ್ಲಿಷಿಗೆ ತಂದಾಗ ಈ ವೃತ್ತಾಂತವನ್ನೂ ಅದರಲ್ಲಿ ಸೇರಿಸಿದರು. ನಾರ್ವೆಯ ಪಶ್ಚಿಮ ತೀರವನ್ನು ಹಿಡಿದು ಉತ್ತರಕ್ಕೆ ಬೆರಳು ನಡಿಸಿರಿ. ನೆಲ ಬಲಕ್ಕೆ, ನೀರು ಎಡಕ್ಕೆ ಸರಿಯಾಗಿ ಬರುತ್ತವೆ. ಸಾವಿರದ ನೂರು ವರ್ಷಗಳ ಹಿಂದಿನ ಮಾತೊಂದನ್ನು ನಿಮ್ಮ ಅಟ್ಲಾಸಿನಲ್ಲಿಯೇ ಪರೀಕ್ಷಿಸಬಹುದೆಂಬುದು ನನಗೆ ಬಹಳ ಸಂತೋಷಕೊಡುವ ಸಂಗತಿ.

ಜರ್ಮನರು, ಡಚ್ಚರು, ಸ್ವೀಡಿಷರು, ಫ್ರೆಂಚರು ಈ ‘ಬೆನ್ನಿನ ಬದಿ’ಯ ಮಾತನ್ನು ಬೇರೆ ಬೇರೆ ರೂಪದಲ್ಲಿ ಇಂದಿಗೂ ಆಡುತ್ತಾರೆ. ಇಂಗ್ಲಿಷರು ಮಾತ್ರ ಅದನ್ನು ಕಳೆದುಕೊಂಡರು. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ‘ಪೇಷನ್ಸ್’ ಎಂಬ ಕಾವ್ಯವೊಂದುಂಟು. ಬರೆದವನ ಹೆಸರು ಉಳಿದಿಲ್ಲ. ಅದು ಪ್ರವಾದಿಯಾದ ಯೋನನ ಕಥೆ. ಯೋನನು ತಾರ್ಷೀಷಿಗೆ ಓಡಿಹೋಗಲು ಯೊಪ್ಪದಲ್ಲಿ ಹಡಗು ಹತ್ತಿದಾಗ, ನಾವಿಕರು ಲಂಗರನ್ನೆತ್ತಿ ಹಾಯಿ ಬಿಡಿಸುವ ಕೆಲಸವನ್ನು ಕವಿಯು ಹಡಗಿನವರದೇ ಭಾಷೆಯಲ್ಲಿ ವಿವರಿಸುತ್ತಾನೆ. ಅಲ್ಲಿ ಎಡಬದಿಗೆ ‘ಲಾಡ್ಡೆಬೋರ್ಡ್’ ಎಂಬ ಮಾತು ಬರುತ್ತದೆ. ಇದೇ ನಮ್ಮ ಲಾರ್ಬೋರ್ಡಿನ ಹಳೆಯ ರೂಪ.

‘ಲೇಡ್’ ಎಂದರೆ ಸರಕನ್ನು ಹೇರುವುದು. ಲಾಡ್ಡೆಬೋರ್ಡ್ ಎಂದರೆ ಬಹುಶಃ ‘ಹೇರುವ ಬದಿ’ ಎಂದು ವಿದ್ವಾಂಸರು ಹೇಳುತ್ತಾರೆ. ಧಕ್ಕೆಯಲ್ಲಿ ನಿಂತು ದೋಣಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುಕ್ಕಾಣಿಯ ಹುಟ್ಟು ಬಲಕ್ಕೆ ಚಾಚಿಕೊಂಡಿರುವಾಗ ಆ ಬದಿಯನ್ನು ಧಕ್ಕೆಗೆ ತಾಗಿಸಿದರೆ ಹುಟ್ಟು ಕಲ್ಲಿಗೂ ಹಡಗಿಗೂ ನಡುವೆ ಸಿಕ್ಕಿ ಮುರಿದುಹೋಗುವುದು. ಆದುದರಿಂದ ಎಡಬದಿಯನ್ನೇ ದಡಕ್ಕೆ ತಂದು, ಆ ಕಡೆಯಿಂದಲೇ ಮೂಟೆಗಳನ್ನು ಹೇರುತ್ತಿದ್ದರು. ಒಂದು ಬದಿಗೆ ಚುಕ್ಕಾಣಿಗನ ಕೆಲಸದಿಂದ ಹೆಸರು ಬಂತು, ಇನ್ನೊಂದಕ್ಕೆ ಮೂಟೆ ಹೊರುವವರ ಕೆಲಸದಿಂದ. ಇಂಥ ಹೆಸರುಗಳನ್ನು ಪಂಡಿತರು ಕುಳಿತು ಮಾಡುವುದಿಲ್ಲ.

ಹಾಗಾದರೆ ‘ಲಾಡ್ಡೆ’ ಎಂಬುದು ‘ಲಾರ್’ ಆದದ್ದು ಹೇಗೆ? ಯಾವಾಗಲೂ ಜೊತೆಯಾಗಿ ಬರುವ ಎರಡು ಮಾತುಗಳನ್ನು ನಾಲಿಗೆಯು ಒಂದೇ ಅಚ್ಚಿಗೆ ಹಾಕಲು ನೋಡುತ್ತದೆ. ಪ್ರಾಸವೆಂದರೆ ನಾಲಿಗೆಗೆ ಆಸೆ. ನಾವು ಅಕ್ಕಪಕ್ಕ, ಪುಸ್ತಕಗಿಸ್ತಕ ಎನ್ನುವುದಿಲ್ಲವೇ? ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಉದಾಹರಣೆಯು ಹೆಣ್ಣುಮಕ್ಕಳ ಶಾಲೆಯಲ್ಲಿ ಹೇಳತಕ್ಕದ್ದೇ ಆಗಿದೆ. ‘ಫೀಮೇಲ್’ ಎಂಬುದು ‘ಮೇಲ್’ ಎಂಬುದರಿಂದ ಹುಟ್ಟಿದ ಮಾತಲ್ಲ. ಅದು ಫ್ರೆಂಚಿನಿಂದ ಬಂದ ‘ಫೆಮೆಲ್’ ಎಂಬ ಸ್ವತಂತ್ರವಾದ ಶಬ್ದ. ‘ಮೇಲ್’ ಎಂಬುದರ ಪಕ್ಕದಲ್ಲಿ ಬಹುಕಾಲ ಕುಳಿತು ಕುಳಿತು ಅದರ ರೂಪವನ್ನು ತಾಳಿತು. ಹಾಗೆಯೇ ಸ್ಟಾರ್ಬೋರ್ಡಿನ ಪಕ್ಕದಲ್ಲಿದ್ದ ಲಾಡ್ಡೆಬೋರ್ಡು ಹದಿನಾರನೆಯ ಶತಮಾನದಲ್ಲಿ ಲಾರ್ಬೋರ್ಡ್ ಆಯಿತು.

ಇಷ್ಟರಲ್ಲಿ ಹಡಗಿನ ರಚನೆಯೇ ಬದಲಾಗಿತ್ತು. ಚುಕ್ಕಾಣಿಯು ಬದಿಯನ್ನು ಬಿಟ್ಟು ಹಿಂಭಾಗದ ನಡುವಿಗೆ ಬಂದಿತ್ತು. ಇಂಗ್ಲೆಂಡಿನ ವಿಂಚೆಸ್ಟರ್ ದೇವಾಲಯದಲ್ಲಿರುವ ಹನ್ನೆರಡನೆಯ ಶತಮಾನದ ಕಲ್ಲಿನ ದೀಕ್ಷಾಸ್ನಾನದ ತೊಟ್ಟಿಯ ಮೇಲೆ ಇಂಥ ಚುಕ್ಕಾಣಿಯುಳ್ಳ ಹಡಗನ್ನು ಕೆತ್ತಿದ್ದಾರೆ. ಬಲಬದಿಯಲ್ಲಿ ಚುಕ್ಕಾಣಿ ಇಲ್ಲವಾದ ಮೇಲೆಯೂ ಅದು ‘ಚುಕ್ಕಾಣಿಯ ಬದಿ’ಯಾಗಿಯೇ ಉಳಿಯಿತು. ಮನೆ ಮಾರಿ ಹೋದವರ ಹೆಸರಿನಿಂದಲೇ ಊರವರು ಮನೆಯನ್ನು ಕರೆಯುತ್ತಾ ಇರುವಂತೆ.

ಈಗ ಲಾರ್ಬೋರ್ಡಿನ ಮರಣದ ವಿಚಾರ. ಎರಡು ಮಾತುಗಳನ್ನೂ ಗಟ್ಟಿಯಾಗಿ ಉಚ್ಚರಿಸಿ ನೋಡಿರಿ. ನಾವಿಕರ ಬಾಯಲ್ಲಿ ಅವು ಇನ್ನೂ ಸವೆದು ‘ಸ್ಟಾಬರ್ಡ್’, ‘ಲಾಬರ್ಡ್’ ಎಂದಾಗಿದ್ದವು. ಒತ್ತು ಬೀಳುವ ಸ್ವರವೂ ಕೊನೆಯ ಭಾಗವೂ ಎರಡಕ್ಕೂ ಒಂದೇ. ವ್ಯತ್ಯಾಸವೆಲ್ಲಾ ಮೊದಲಿನ ಒಂದು ವ್ಯಂಜನದಲ್ಲಿ. ಗಾಳಿಯು ಮೊದಲು ಹಾರಿಸಿಕೊಂಡು ಹೋಗುವುದೂ ಅದನ್ನೇ. ನಮ್ಮ ‘ಎಡ’, ‘ಬಲ’ಗಳನ್ನು ಹೋಲಿಸಿರಿ. ಮೊದಲಿನ ಧ್ವನಿ ಬೇರೆ, ನಡುವಣ ವ್ಯಂಜನ ಬೇರೆ; ಅರ್ಧ ಕೇಳಿಸಿದರೂ ಯಾವುದೆಂದು ತಿಳಿಯುವುದು. ಹಳೆಯ ಇಂಗ್ಲಿಷಿನ ‘ಸ್ಟೇಒರ್’, ‘ಬ್ಯಾಕ್’ಗಳಲ್ಲಿಯೂ ಈ ಗುಣವಿತ್ತು. ಅಂದವಾದ ಪ್ರಾಸಕ್ಕಾಗಿ ಇಂಗ್ಲಿಷರು ಆ ಗುಣವನ್ನು ಕಳೆದುಕೊಂಡಿದ್ದರು.

ಇದು ಎಷ್ಟು ದೊಡ್ಡ ವಿಷಯವೆಂದು ನಿಮಗೆ ತೋರಲಾರದು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ವರ್ಷ ಜುಲೈ ತಿಂಗಳಲ್ಲಿ, ಹೆಂಚಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ, ಇಂಗ್ಲಿಷಿನಲ್ಲಿ ಬಾಯಿಲೆಕ್ಕ ಕೊಟ್ಟೆನು. ‘ಫಿಫ್ಟೀನ್’ ಎಂದು ನಾನು ಹೇಳಿದ್ದು. ಮುಂದಿನ ಎರಡು ಸಾಲಿನವರು ಹದಿನೈದು ಎಂದು ಲೆಕ್ಕ ಮಾಡಿದರು, ಹಿಂದಿನ ಸಾಲಿನವರೆಲ್ಲರೂ ಐವತ್ತು ಎಂದು ಮಾಡಿದರು. ನಾನು ಹಿಂದಿನ ಸಾಲಿನವರಿಗೆ ಸೊನ್ನೆ ಹಾಕಿ, ಗಮನವಿಲ್ಲದವರೆಂದು ಗದರಿಸಿದೆನು. ಒಬ್ಬಳು ಅಳುತ್ತಾ, “ನಮಗೆ ಹಾಗೆಯೇ ಕೇಳಿಸಿತು, ಅಮ್ಮಾ” ಎಂದಳು. ಅದು ನಿಜವೆಂದು ನನಗೆ ಆ ಸಂಜೆ ತಿಳಿಯಿತು. ಮಾರನೆಯ ದಿನ ಅಂಕಗಳನ್ನು ತಿದ್ದಿದೆನು. ಅಲ್ಲಿ ಹೋದದ್ದು ಒಂದು ಲೆಕ್ಕ. ಬಿರುಗಾಳಿಯಲ್ಲಿ, ರಾತ್ರಿಯಲ್ಲಿ, ಬಂಡೆಗಳ ಸಮೀಪದಲ್ಲಿ, ಬಲಕ್ಕೆ ಎಂದು ಕೂಗಿದ್ದು ಎಡಕ್ಕೆ ಎಂದು ಕೇಳಿಸಿದರೆ ಹೋಗುವುದು ಹಡಗು, ಅದರಲ್ಲಿರುವವರೆಲ್ಲರೂ. ಅಲ್ಲಿ ಅಂಕ ತಿದ್ದುವ ಮಾರನೆಯ ದಿನವಿಲ್ಲ.

ನಾವಿಕರು ಈ ಅಪಾಯವನ್ನು ಅರಿಯದವರಲ್ಲ. ಚುಕ್ಕಾಣಿಗನಿಗೆ ಆಜ್ಞೆ ಕೊಡುವಾಗ ಲಾರ್ಬೋರ್ಡ್ ಎನ್ನದೆ ‘ಪೋರ್ಟ್’ ಎನ್ನುವ ರೂಢಿ ಹದಿನೇಳನೆಯ ಶತಮಾನದಲ್ಲಿಯೇ ಇತ್ತು. ಪೋರ್ಟ್ ಎಂದರೆ ಬಂದರು. ಬಂದರಿನ ಕಡೆಗೆ ತಾಗುವ ಬದಿ ಎಂಬ ಭಾವವಿರಬೇಕು. ಸರಕನ್ನು ಒಳಗೆ ಹಾಕಲು ಬದಿಯಲ್ಲಿ ಕೊರೆದ ಬಾಗಿಲಿಗೂ ಅದೇ ಹೆಸರಿದ್ದುದರಿಂದ ಅದರಿಂದ ಬಂದಿತೆಂದು ಹೇಳುವವರೂ ಉಂಟು. ಹೇಗಾದರೂ ಧ್ವನಿ ಬೇರೆಯಾಗಿತ್ತು, ಬೇಕಾದದ್ದು ಅದೇ. ಆದರೆ ಹಡಗಿನ ಬದಿಯನ್ನು ಹೆಸರಿಸುವಾಗ ಹಳೆಯ ಲಾರ್ಬೋರ್ಡೇ ನಡೆಯುತ್ತಿತ್ತು. ಕೊನೆಗೆ ೧೮೪೪ರಲ್ಲಿ ಬ್ರಿಟಿಷ್ ನೌಕಾ ಇಲಾಖೆಯು ತನ್ನ ಹಡಗುಗಳಲ್ಲಿ ಲಾರ್ಬೋರ್ಡನ್ನು ಬಿಟ್ಟು ಪೋರ್ಟ್ ಎಂದೇ ಹೇಳಬೇಕೆಂದು ಆಜ್ಞೆ ಹೊರಡಿಸಿತು. ೧೮೪೬ರ ಫೆಬ್ರವರಿಯಲ್ಲಿ ಅಮೇರಿಕದ ನೌಕಾ ಕಾರ್ಯದರ್ಶಿಯಾಗಿದ್ದ ಜಾರ್ಜ್ ಬ್ಯಾಂಕ್ರಾಫ್ಟ್ ಎಂಬವರೂ ಹಾಗೆಯೇ ಆಜ್ಞಾಪಿಸಿದರು. ಅವರು ಚರಿತ್ರಕಾರರು, ಹಳೆಯ ಮಾತುಗಳ ಮೇಲೆ ಪ್ರೀತಿಯಿದ್ದೀತು, ಆದರೂ ಮಾಡಿದರು. ಸಾಧಾರಣವಾಗಿ ಶಬ್ದಗಳು ಯಾರೂ ಕಾಣದಂತೆ ಮೆಲ್ಲಮೆಲ್ಲನೆ ಮರೆಯಾಗುತ್ತವೆ. ಸರಕಾರದ ಆಜ್ಞೆಯಿಂದ, ಇಂಥ ವರ್ಷವೆಂದು ಹೇಳುವಂತೆ, ಕೆಲಸದಿಂದ ತೆಗೆಯಲ್ಪಟ್ಟ ಶಬ್ದಗಳು ಬಹಳ ಕಡಿಮೆ.

ಪೋರ್ಟ್, ಸ್ಟಾರ್ಬೋರ್ಡ್ ಎಂಬವನ್ನು ಕುರಿತು ನಮ್ಮ ದೇಶಕ್ಕೆ ಸಂಬಂಧಿಸಿದ ಕಥೆಯೊಂದನ್ನು ನೀವು ಕೇಳಿರಬಹುದು. ಇಂಗ್ಲೆಂಡಿನಿಂದ ಹಿಂದೂಸ್ಥಾನಕ್ಕೆ ಬರುವಾಗ ಪೋರ್ಟ್ ಬದಿಯ ಕೋಣೆಗಳಿಗೂ, ಹಿಂತಿರುಗುವಾಗ ಸ್ಟಾರ್ಬೋರ್ಡ್ ಬದಿಯ ಕೋಣೆಗಳಿಗೂ ಬಿಸಿಲಿನ ತಾಪ ಕಡಿಮೆ. ಶ್ರೀಮಂತರು ಅವನ್ನೇ ಹಿಡಿಯುತ್ತಿದ್ದುದರಿಂದ ನಾಲ್ಕು ಮಾತುಗಳ ಮೊದಲಕ್ಷರಗಳು ಸೇರಿ ‘ಪಾಷ್’ ಎಂಬ ಮಾತಾಯಿತು ಎನ್ನುತ್ತಾರೆ. ನಿಘಂಟುಕಾರರು ಇದಕ್ಕೆ ಸಾಕ್ಷ್ಯವನ್ನು ಹುಡುಕಿದರು, ದೊರೆಯಲಿಲ್ಲ. ನಕ್ಷತ್ರದ ಹಲಗೆಯ ಜೊತೆಗೆ ಇದನ್ನೂ ಇಟ್ಟುಬಿಡಿರಿ.

ಮಾತನ್ನು ಬದಲಾಯಿಸಿದ ಮೇಲೆಯೂ ತೊಡಕು ಪೂರ್ತಿಯಾಗಿ ತೀರಲಿಲ್ಲ. ಚುಕ್ಕಾಣಿಗೆ ಉದ್ದವಾದ ಹಿಡಿಯೊಂದಿರುತ್ತದೆ. ಹಿಡಿಯನ್ನು ಎಡಕ್ಕೆ ತಳ್ಳಿದರೆ ನೀರಿನಲ್ಲಿರುವ ಅಲಗು ಬಲಕ್ಕೆ ತಿರುಗಿ, ಹಡಗು ಬಲಕ್ಕೆ ಹೋಗುವುದು. ಹಳೆಯ ಆಜ್ಞೆಗಳೆಲ್ಲಾ ಹಿಡಿಯನ್ನು ಕುರಿತವು. ಹಿಡಿ ಹೋಗಿ ಚಕ್ರ ಬಂದು, ಹಡಗು ಉಗಿಯಿಂದ ನಡೆಯುವ ಕಾಲ ಬಂದರೂ ಆಜ್ಞೆಯ ರೂಢಿ ಬದಲಾಗಲಿಲ್ಲ. ೧೯೧೨ರ ಏಪ್ರಿಲ್ ೧೪ರ ರಾತ್ರಿ ‘ಟೈಟಾನಿಕ್’ ಹಡಗಿನ ಎದುರಿಗೆ ಹಿಮಗಡ್ಡೆ ಕಾಣಿಸಿದಾಗ ಅಧಿಕಾರಿಯು ಕೊಟ್ಟ ಆಜ್ಞೆಯಲ್ಲಿದ್ದ ಮಾತು ‘ಸ್ಟಾರ್ಬೋರ್ಡ್’; ಹಡಗು ತಿರುಗಿದ್ದು ಎಡಕ್ಕೆ. ಅದು ತಪ್ಪಲ್ಲ, ಆ ಕಾಲದ ಕ್ರಮವೇ ಹಾಗೆ. ಅವರ ಉದ್ದೇಶವೂ ಎಡಕ್ಕೆ ತಿರುಗಿಸುವುದೇ ಆಗಿತ್ತು. ಬ್ರಿಟಿಷ್ ಹಡಗುಗಳಲ್ಲಿ ಹೇಳಿದ ಕಡೆಗೇ ಹಡಗು ತಿರುಗಬೇಕೆಂಬ ನಿಯಮ ಬಂದದ್ದು ೧೯೩೩ರಲ್ಲಿ. ಈಗ ಹಡಗಿಗೂ ವಿಮಾನಕ್ಕೂ ಪೋರ್ಟ್ ಬದಿಗೆ ಕೆಂಪು ದೀಪ, ಸ್ಟಾರ್ಬೋರ್ಡ್ ಬದಿಗೆ ಹಸುರು ದೀಪ. ಕಿವಿಯನ್ನು ಮಾತ್ರ ನಂಬದೆ ಕಣ್ಣಿಗೂ ಬೇರೆ ಬೇರೆ ಗುರುತು ಕೊಟ್ಟಿದ್ದಾರೆ.

ಲಾರ್ಬೋರ್ಡು ಸಮುದ್ರದಿಂದ ಹೋದರೂ ಕೆಲವು ಕಡೆ ಇನ್ನಷ್ಟು ಕಾಲ ಉಳಿಯಿತು. ಹರ್ಮನ್ ಮೆಲ್ವಿಲ್‌ನು ೧೮೫೧ರಲ್ಲಿ ಪ್ರಕಟಿಸಿದ ‘ಮೋಬಿ ಡಿಕ್’ ಎಂಬ ತಿಮಿಂಗಿಲ ಬೇಟೆಯ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಮಿಸಿಸಿಪ್ಪಿ ನದಿಯಲ್ಲಿ ಯೌವನದಲ್ಲಿ ಉಗಿಹಡಗು ನಡಿಸುತ್ತಿದ್ದ ಮಾರ್ಕ್ ಟ್ವೇನ್, ಆ ಬಾಳನ್ನು ಕುರಿತು ೧೮೮೩ರಲ್ಲಿ ಬರೆದ ಪುಸ್ತಕದಲ್ಲಿ, ಸಮುದ್ರದಲ್ಲಿ ಈಗ ಯಾರೂ ಹೇಳದ ಈ ಮಾತನ್ನು ತನ್ನ ಕಾಲದಲ್ಲಿ ನದಿಯ ಮೇಲೆ ಯಾವಾಗಲೂ ಹೇಳುತ್ತಿದ್ದರೆಂದು ಅಡಿಟಿಪ್ಪಣಿ ಕೊಟ್ಟಿದ್ದಾನೆ. ನದಿಯವರು ಸಮುದ್ರದವರ ಆಜ್ಞೆಯನ್ನು ಲಕ್ಷ್ಯಕ್ಕೆ ತರಲಿಲ್ಲವೆಂದು ತೋರುತ್ತದೆ.

ಇನ್ನು ಉಳಿದದ್ದು ಮೂರನೆಯ ಪ್ರಶ್ನೆ, ಮಿಲ್ಟನನ ಸಾಲು. ಇಟಲಿಗೂ ಸಿಸಿಲಿ ದ್ವೀಪಕ್ಕೂ ನಡುವೆ ಇಕ್ಕಟ್ಟಾದ ಮೆಸ್ಸೀನಾ ಜಲಸಂಧಿಯುಂಟು. ಹಳೆಯ ಸಂಪ್ರದಾಯದ ಪ್ರಕಾರ ಸಿಸಿಲಿಯ ಕಡೆಗೆ ಕರಿಬ್ಡಿಸ್ ಎಂಬ ಸುಳಿ, ಇಟಲಿಯ ಕಡೆಗೆ ಸ್ಕಿಲ್ಲಾ ಎಂಬ ಇನ್ನೊಂದು ಭಯ. ಯುಲಿಸೀಸನು ಲಾರ್ಬೋರ್ಡಿನ ಕಡೆ ಕರಿಬ್ಡಿಸನ್ನು ತಪ್ಪಿಸಿಕೊಂಡನೆಂದು ಕವಿಯು ಹೇಳುತ್ತಾನೆ. ಎಡಕ್ಕಿದ್ದ ಸುಳಿಯನ್ನು ತಪ್ಪಿಸಿಕೊಂಡನೆಂದು ಓದಬಹುದು, ತಾನೇ ಎಡಕ್ಕೆ ತಿರುಗಿ ಅದನ್ನು ತಪ್ಪಿಸಿಕೊಂಡನೆಂದೂ ಓದಬಹುದು. ನನ್ನ ಪ್ರಿಯ ವಿದ್ಯಾರ್ಥಿನಿಯು ಮೊದಲನೆಯ ರೀತಿಯಲ್ಲಿ ಓದಿದುದರಿಂದಲೇ ಅರ್ಥ ಕೂಡಿಬರಲಿಲ್ಲವೆಂದು ಎಣಿಸುತ್ತೇನೆ. ಅಟ್ಲಾಸನ್ನು ತೆರೆದು, ಯುಲಿಸೀಸನು ಉತ್ತರದಿಂದ ಬಂದನೆಂಬುದನ್ನು ನೆನಪಿನಲ್ಲಿಟ್ಟು, ಬೆರಳನ್ನು ದಕ್ಷಿಣಕ್ಕೆ ನಡಿಸಬೇಕು. ದಕ್ಷಿಣಕ್ಕೆ ಮುಖಮಾಡಿದ ಹಡಗಿಗೆ ಇಟಲಿಯು ಎಡಕ್ಕೆ, ಸಿಸಿಲಿಯು ಬಲಕ್ಕೆ ಬರುತ್ತದೆ. ಸುಳಿಯಿದ್ದದ್ದು ಬಲಕ್ಕೆ, ಅವನು ಹಡಗನ್ನು ತಿರುಗಿಸಿದ್ದು ಲಾರ್ಬೋರ್ಡಿಗೆ, ಸ್ಕಿಲ್ಲೆಯ ಕಡೆಗೆ.